ಸ್ಕಾಲರ್‌ಶಿಪ್ ಪತ್ರ ಬಂದ ಮೇಲೆ: ಕ್ಯಾನ್ಸರ್ ನರ್ಸ್, ಫಾರ್ಮಸಿಸ್ಟ್‌ಗಳ ವಿದೇಶಿ ಸಮ್ಮೇಳನದ ದಾರಿಯಲ್ಲಿ ಎಲ್ಲಿ ಏನು ತಪ್ಪುತ್ತದೆ

ರಕ್ತದ ಕ್ಯಾನ್ಸರ್ ಇರುವ ಮಗುವಿಗೆ ಒಂದೇ ದಿನ ಎರಡು ಔಷಧಿ ಕೊಡಬೇಕಾಗಿ ಬರುವುದುಂಟು. ಮೆಥೊಟ್ರೆಕ್ಸೇಟ್ ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ, ವಿನ್‌ಕ್ರಿಸ್ಟಿನ್ ರಕ್ತನಾಳಕ್ಕೆ. ಎರಡೂ ಚಿಕ್ಕ ಸಿರಿಂಜಿನಲ್ಲಿ ಒಂದೇ ಟ್ರೇಗೆ ಬಂದು, ಅದಲುಬದಲಾಗಿ ವಿನ್‌ಕ್ರಿಸ್ಟಿನ್ ಬೆನ್ನಿಗೆ ಹೋದರೆ ಆ ಮಗು ಉಳಿಯುವುದು ತೀರಾ ಅಪರೂಪ. ಬೇರೆ ಬೇರೆ ದೇಶಗಳಲ್ಲಿ ಹೀಗೆ ಸಾವುಗಳಾದ ಮೇಲೆ ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಎಚ್ಚರಿಕೆ ಹೊರಡಿಸಿತು: ವಿನ್‌ಕ್ರಿಸ್ಟಿನ್ ಅನ್ನು ಸಿರಿಂಜಿನಲ್ಲಿ ಕೊಡಬೇಡಿ, ಚಿಕ್ಕ ಸಲೈನ್ ಚೀಲದಲ್ಲಿ ಬೆರೆಸಿ ಡ್ರಿಪ್ ಹಾಕಿ. 50 ಮಿ.ಲೀ. ಚೀಲವನ್ನು ಬೆನ್ನಿನ ಸೂಜಿಗೆ ಜೋಡಿಸಲು ಯಾರ ಕೈಯೂ ಸುಲಭವಾಗಿ ಮುಂದಾಗುವುದಿಲ್ಲ. ಜೀವ ಉಳಿಸುವುದು ಅಷ್ಟು ಸರಳ ಲೆಕ್ಕ.

ಈ ಪರಿಹಾರದಲ್ಲಿ ಹೊಸ ಔಷಧಿ ಇಲ್ಲ, ದುಬಾರಿ ಯಂತ್ರವೂ ಇಲ್ಲ. ಚೀಲಕ್ಕೆ ಔಷಧಿ ತುಂಬುವುದು ಫಾರ್ಮಸಿಸ್ಟ್ ಕೆಲಸ, ಅದನ್ನು ರೋಗಿಗೆ ಹಾಕುವುದು ನರ್ಸ್ ಕೆಲಸ. ಸಿರಿಂಜ್ ಬಿಟ್ಟು ಚೀಲಕ್ಕೆ ಬದಲಾಗುವಾಗ ಏಳುವ ಪ್ರಶ್ನೆಗಳೂ ಇವರಿಬ್ಬರದೇ. ವಿನ್‌ಕ್ರಿಸ್ಟಿನ್ ರಕ್ತನಾಳದಿಂದ ಹೊರಗೆ ಸೋರಿದರೆ ಸುತ್ತಲಿನ ಚರ್ಮ, ಮಾಂಸ ಸುಟ್ಟಂತಾಗುತ್ತದೆ. ಹಾಗಿದ್ದಾಗ ಕೈಯ ನಾಳದಲ್ಲಿ ಡ್ರಿಪ್ ಬಿಟ್ಟು ಹೋಗುವುದು ಸರಿಯೆ? ಆ 5–10 ನಿಮಿಷ ಪಕ್ಕದಲ್ಲಿ ಯಾರು ನಿಲ್ಲಬೇಕು? 30 ಹಾಸಿಗೆಗೆ ಇಬ್ಬರು ನರ್ಸ್ ಇರುವ ವಾರ್ಡಿನಲ್ಲಿ ಇದನ್ನು ಹೇಗೆ ಹೊಂದಿಸುವುದು? ಪುಸ್ತಕದಲ್ಲಿ ಇದಕ್ಕೆ ಅರ್ಧ ಸಾಲಿನ ಉತ್ತರ ಸಿಗಬಹುದು. ಬಿಡಿಸಿ ಹೇಳಬಲ್ಲವರು ತಮ್ಮ ವಾರ್ಡಿನಲ್ಲಿ ಆ ಬದಲಾವಣೆ ಮಾಡಿ, ಎಡವಿ, ತಿದ್ದಿಕೊಂಡ ಇನ್ನೊಬ್ಬ ನರ್ಸ್, ಇನ್ನೊಬ್ಬ ಫಾರ್ಮಸಿಸ್ಟ್. ಅಂಥವರು ಒಂದೆಡೆ ಸೇರುವ ಜಾಗವೇ ವೃತ್ತಿ ಸಮ್ಮೇಳನ.

1984ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಕ್ಯಾನ್ಸರ್ ನರ್ಸ್‌ಗಳ ಸಂಘ ಐಎಸ್‌ಎನ್‌ಸಿಸಿ, ಕ್ಯಾನ್ಸರ್ ಫಾರ್ಮಸಿಸ್ಟ್‌ಗಳ ಐಸಾಪ್, ಮಕ್ಕಳ ಕ್ಯಾನ್ಸರ್‌ನ ಸಿಯೋಪ್, ಅಡ್ಡಪರಿಣಾಮಗಳ ಆರೈಕೆಗೆ ಮೀಸಲಾದ ಮಾಸ್ಕ್ (ಎಂಎಎಸ್‌ಸಿಸಿ) ಮುಂತಾದ ಸಂಸ್ಥೆಗಳು ಇಂಥ ಸಮ್ಮೇಳನ ನಡೆಸುತ್ತವೆ. ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳವರಿಗೆ ನೋಂದಣಿ ರಿಯಾಯಿತಿ ಅಥವಾ ಪ್ರಯಾಣ ಸ್ಕಾಲರ್‌ಶಿಪ್ ಕೊಡುವ ರೂಢಿ ಈ ವಲಯದಲ್ಲಿದೆ. ವಿಶ್ವ ಬ್ಯಾಂಕಿನ ವಿಂಗಡಣೆಯಲ್ಲಿ ಭಾರತ ಕೆಳ ಮಧ್ಯಮ ಆದಾಯದ ದೇಶ. ಹಾಗಾಗಿ ನಮ್ಮವರು ಬಹುಪಾಲು ಕಡೆ ಅರ್ಹರೇ. 2022ರ ಜಾಗತಿಕ ಅಂದಾಜಿನ ಪ್ರಕಾರ ಆ ಒಂದೇ ವರ್ಷ ಭಾರತದಲ್ಲಿ ಸುಮಾರು 14 ಲಕ್ಷ ಹೊಸ ಕ್ಯಾನ್ಸರ್ ಪ್ರಕರಣಗಳು, 9 ಲಕ್ಷಕ್ಕೂ ಹೆಚ್ಚು ಸಾವುಗಳು. ಇಷ್ಟು ರೋಗಿಗಳ ಕೈಗೆ ಸೂಜಿ ಚುಚ್ಚುವವರು ಯಾರು ಎಂದು ಕೇಳಿಕೊಂಡರೆ ಈ ಹಣದ ಅಗತ್ಯಕ್ಕೆ ಬೇರೆ ವಾದ ಬೇಕಿಲ್ಲ.

ಆದರೂ ಈ ಹಣ ದಾರಿಯಲ್ಲಿ ಸೋರಿಹೋಗುತ್ತದೆ. ಸ್ಕಾಲರ್‌ಶಿಪ್ ಪತ್ರ ಕೈಗೆ ಬಂದ ದಿನಕ್ಕೂ ವಿಮಾನ ಹತ್ತುವ ದಿನಕ್ಕೂ ನಡುವೆ ಒಂದಷ್ಟು, ವಾಪಸ್ ಬಂದು ವಾರ್ಡಿಗೆ ಕಾಲಿಟ್ಟ ಮೇಲೆ ಇನ್ನಷ್ಟು. ಸ್ಕಾಲರ್‌ಶಿಪ್‌ಗಳ ಸಂಖ್ಯೆ ಹೆಚ್ಚಬೇಕು ಎಂಬ ಮಾತು ಎಲ್ಲೆಡೆ ಕೇಳುತ್ತದೆ. ಈ ಸೋರಿಕೆಯ ಮಾತನ್ನು ಆಡುವವರು ಕಡಿಮೆ.

ಕಂಪನಿ ಟಿಕೆಟ್‌ನ ಕಾಲ ಮುಗಿಯಿತು

ಔಷಧ ಕಂಪನಿಗಳ ದುಡ್ಡಿನಲ್ಲಿ ವೈದ್ಯರು ವಿದೇಶಿ ಸಮ್ಮೇಳನಗಳಿಗೆ ಹೋಗಿಬರುತ್ತಿದ್ದದ್ದು ಗುಟ್ಟಲ್ಲ. ಕೇಂದ್ರದ ಔಷಧ ಇಲಾಖೆ 2024ರ ಮಾರ್ಚ್ 12ರಂದು ಹೊರಡಿಸಿದ ಔಷಧ ಮಾರಾಟ ನೀತಿ ಸಂಹಿತೆ ಅದಕ್ಕೆ ತಡೆಯೊಡ್ಡಿತು. ಸಮ್ಮೇಳನಕ್ಕೆ ಹೋಗುವ ಆರೋಗ್ಯ ವೃತ್ತಿಪರರಿಗೆ, ಅವರ ಮನೆಯವರಿಗೆ ಕಂಪನಿ ವಿಮಾನ, ರೈಲು ಟಿಕೆಟ್ ಕೊಡುವಂತಿಲ್ಲ, ಹೋಟೆಲ್ ಖರ್ಚು ಭರಿಸುವಂತಿಲ್ಲ. ಉಪನ್ಯಾಸ ಕೊಡಲು ಹೋಗುವವರಿಗೆ ಮಾತ್ರ ವಿನಾಯಿತಿ. ಕಂಪನಿಗಳು ಇಂಥ ಶಿಕ್ಷಣ ಕಾರ್ಯಕ್ರಮಗಳನ್ನು ವಿದೇಶದಲ್ಲಿ ಏರ್ಪಡಿಸುವುದೂ ನಿಷಿದ್ಧ.

ಈ ನಿಯಮ ಬಂದದ್ದು ಒಳ್ಳೆಯದೇ. ಬರೆಯುವ ಔಷಧಿ ಚೀಟಿಗೂ ಹತ್ತುವ ವಿಮಾನಕ್ಕೂ ನಂಟು ಇರಬಾರದು. ಆದರೆ ಆ ಹಣದ ಹೊಳೆ ಹರಿಯುತ್ತಿದ್ದಾಗಲೂ ನರ್ಸ್‌ಗಳ, ಫಾರ್ಮಸಿಸ್ಟ್‌ಗಳ ಹೊಲಕ್ಕೆ ನೀರು ಬಂದದ್ದು ಅಷ್ಟಕ್ಕಷ್ಟೇ. ಈಗ ಉಳಿದಿರುವುದು ವೃತ್ತಿ ಸಂಘಗಳ ಸ್ಕಾಲರ್‌ಶಿಪ್, ಆಸ್ಪತ್ರೆಯ ಸ್ವಂತ ನಿಧಿ, ಇಲ್ಲವೇ ಜೇಬಿನ ಹಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಂಥ (ಐಸಿಎಂಆರ್) ಸರ್ಕಾರಿ ಸಂಸ್ಥೆಗಳ ಪ್ರಯಾಣ ಧನಸಹಾಯ ಸಂಶೋಧಕರನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ್ದು. ಪಾಳಿ ಕೆಲಸದ ನರ್ಸ್ ಆ ಅರ್ಜಿಯ ಖಾನೆಗಳಿಗೆ ಹೊಂದಿಕೊಳ್ಳುವುದು ಕಷ್ಟ.

ಸಂಘಗಳ ಸ್ಕಾಲರ್‌ಶಿಪ್ ಹಿಂದೆಯೂ ಕೆಲವೊಮ್ಮೆ ಕಂಪನಿಯ ಕೊಡುಗೆ ಇರುತ್ತದೆ. ಹಣವೆಲ್ಲ ಸಂಘಕ್ಕೆ ಹೋಗಿ, ಆಯ್ಕೆಯನ್ನು ಸಂಘದ ಸಮಿತಿ ಮಾಡುವುದು ಒಂದು ಬಗೆ. ಕಂಪನಿಯ ಪ್ರತಿನಿಧಿಯೇ ಹೆಸರು ಸೂಚಿಸಿ ಟಿಕೆಟ್ ಮಾಡಿಸುವುದು ಇನ್ನೊಂದು ಬಗೆ. ಎರಡನೆಯದರಿಂದ ದೂರ ಇರಬೇಕು. ಮೊದಲನೆಯದರಲ್ಲೂ ಹಣದ ಮೂಲವನ್ನು ಸಂಘದಿಂದ ಇಮೇಲ್‌ನಲ್ಲಿ ಕೇಳಿ, ಬಂದ ಉತ್ತರವನ್ನು ರಜೆ ಅರ್ಜಿಯ ಜೊತೆ ಲಗತ್ತಿಸಿದರೆ ಮುಂದೆ ಯಾರೂ ಬೆರಳು ತೋರಿಸುವಂತಿರುವುದಿಲ್ಲ.

ಅಬ್‌ಸ್ಟ್ರ್ಯಾಕ್ಟ್ ಎಂಬ ಹೊಸ್ತಿಲು

ಬಹಳಷ್ಟು ಪ್ರಯಾಣ ಸ್ಕಾಲರ್‌ಶಿಪ್‌ಗಳಿಗೆ ಒಂದು ಷರತ್ತು ಇದ್ದೇ ಇರುತ್ತದೆ: ನಿಮ್ಮ ಕೆಲಸದ ಸಾರಾಂಶ, ಅಂದರೆ ಅಬ್‌ಸ್ಟ್ರ್ಯಾಕ್ಟ್, ಸಮ್ಮೇಳನಕ್ಕೆ ಸ್ವೀಕೃತವಾಗಿರಬೇಕು, ಮಂಡಿಸುವವರು ನೀವೇ ಆಗಿರಬೇಕು. ನಮ್ಮವರು ಹೆಚ್ಚಾಗಿ ಹಿಂದೆ ಉಳಿಯುವುದು ಇಲ್ಲಿ. ಮಾಡಿದ ಕೆಲಸ ಬೇಕಾದಷ್ಟಿದೆ, ಅದನ್ನು ಬರೆಯಲು ಯಾರೂ ಕಲಿಸಿಲ್ಲ.

ಕೀಮೋ ವಾರ್ಡಿನ ರಿಜಿಸ್ಟರ್ ತೆಗೆದು ನೋಡಿ. ಔಷಧಿ ಸೋರಿಕೆಯ ಘಟನೆಗಳು ಅದರಲ್ಲಿ ಬರೆದಿರುತ್ತವೆ. ‘ಆರು ತಿಂಗಳಲ್ಲಿ 7 ಸೋರಿಕೆ ಆಯಿತು, ತರಬೇತಿ ಕೊಟ್ಟ ಮೇಲೆ 2 ಆಯಿತು’ ಎಂದು ಬರೆದು ಕಳಿಸಿದರೆ ಪರಿಶೀಲಕರು ತಿರಸ್ಕರಿಸುತ್ತಾರೆ. ಯಾಕೆಂದರೆ ಅಲ್ಲಿ ಅಂಶ ಇದೆ, ಛೇದ ಇಲ್ಲ. 7 ಸೋರಿಕೆ ಆದದ್ದು 400 ಡ್ರಿಪ್‌ಗಳಲ್ಲೋ 4,000 ಡ್ರಿಪ್‌ಗಳಲ್ಲೋ ಗೊತ್ತಾಗದೆ ಆ ಸಂಖ್ಯೆಗೆ ಅರ್ಥವಿಲ್ಲ. ಆದ್ದರಿಂದ ಸಮ್ಮೇಳನಕ್ಕೆ ವರ್ಷವಿರುವಾಗಲೇ ರಿಜಿಸ್ಟರ್‌ಗೆ ಒಂದಿಷ್ಟು ಕಾಲಂ ಸೇರಿಸಬೇಕು: ದಿನಕ್ಕೆ ಒಟ್ಟು ಎಷ್ಟು ಕೀಮೋ, ಯಾವ ಔಷಧಿ, ಕ್ಯಾನುಲಾ (ರಕ್ತನಾಳದಲ್ಲಿ ಇರಿಸುವ ಸಣ್ಣ ಕೊಳವೆ) ಹಾಕಿದ ಜಾಗ, ಅದರ ಗೇಜ್ ಅಂದರೆ ದಪ್ಪ, ಹಾಕಿ ಎಷ್ಟು ಗಂಟೆಯಾಗಿತ್ತು. ಹಿಂದಿನ ದಿನ ಹಾಕಿದ ಕ್ಯಾನುಲಾದಲ್ಲೇ ಡಾಕ್ಸೊರುಬಿಸಿನ್ ಎಂಬ ಕೀಮೋ ಔಷಧಿ ಕೊಟ್ಟ ಸಲವೇ ಸೋರಿಕೆ ಹೆಚ್ಚಾಗಿದೆ ಎಂದು ನಿಮ್ಮ ಅಂಕಿಗಳು ಹೇಳಿದರೆ ಅದೇ ಒಂದು ಅಬ್‌ಸ್ಟ್ರ್ಯಾಕ್ಟ್.

ಫಾರ್ಮಸಿಸ್ಟ್‌ಗಳಿಗೆ ಇನ್ನೂ ಸುಲಭದ ದಾರಿ ಇದೆ. ಕಾರ್ಬೊಪ್ಲಾಟಿನ್ ಎಂಬ ಕೀಮೋ ಔಷಧಿಯ ಡೋಸ್ ಲೆಕ್ಕ ಹಾಕುವುದು ಕ್ಯಾಲ್ವರ್ಟ್ ಸೂತ್ರದಿಂದ: ಗುರಿಯ ಎಯುಸಿಯನ್ನು (ರಕ್ತದಲ್ಲಿ ಔಷಧಿ ಎಷ್ಟು, ಎಷ್ಟು ಹೊತ್ತು ಇರಬೇಕೆಂಬ ಅಳತೆ), ಮೂತ್ರಪಿಂಡದ ಸೋಸುವಿಕೆಯ ದರಕ್ಕೆ 25 ಕೂಡಿಸಿ ಗುಣಿಸಬೇಕು. ಎಯುಸಿ 5, ದರ 90 ಆದರೆ 575 ಮಿ.ಗ್ರಾಂ. ಬಡಕಲು ದೇಹದ ರೋಗಿಗಳಲ್ಲಿ ಸೋಸುವಿಕೆಯ ದರ ಅಂದಾಜಿಸಲು ಬಳಸುವ ರಕ್ತದ ಕ್ರಿಯಾಟಿನಿನ್ ಕಡಿಮೆ ಇರುವುದರಿಂದ ಅಂದಾಜು ದರ ಸುಳ್ಳೇ ಏರಿ, ಡೋಸ್ ಮಿತಿಮೀರುತ್ತದೆ. ಅದಕ್ಕೇ ದರವನ್ನು 125ಕ್ಕೆ ನಿಲ್ಲಿಸುವ ರೂಢಿ. ಎಯುಸಿ 5ಕ್ಕೆ 750 ಮಿ.ಗ್ರಾಂ. ದಾಟುವಂತಿಲ್ಲ. ಈ ಮಿತಿ ಮೀರಿದ ಚೀಟಿಗಳು ಮೂರು ತಿಂಗಳಲ್ಲಿ ಒಟ್ಟು ಎಷ್ಟರಲ್ಲಿ ಎಷ್ಟು, ಫಾರ್ಮಸಿಸ್ಟ್ ಫೋನ್ ಮಾಡಿದಾಗ ವೈದ್ಯರು ಎಷ್ಟನ್ನು ತಿದ್ದಿದರು, ಎಷ್ಟನ್ನು ಹಾಗೇ ಬಿಟ್ಟರು, ಯಾಕೆ ಬಿಟ್ಟರು ಎಂದು ಬರೆದಿಟ್ಟರೆ ಯಾವ ದೇಶದ ಕ್ಯಾನ್ಸರ್ ಫಾರ್ಮಸಿಸ್ಟ್ ಆದರೂ ನಿಂತು ಓದುತ್ತಾರೆ. ನಮ್ಮಲ್ಲಿ ಫಾರ್ಮಸಿಸ್ಟ್‌ಗಳನ್ನು ವಾರ್ಡಿನ ಕೆಲಸಕ್ಕೂ ಸಜ್ಜುಗೊಳಿಸುವ ಫಾರ್ಮ್.ಡಿ ಕೋರ್ಸ್ 2008ರಲ್ಲಿ ಶುರುವಾಯಿತು. ಮೈಸೂರು, ಮಣಿಪಾಲದಂಥ ಕಡೆ ಕಲಿತು ಬಂದವರಿಗೆ ಈ ಲೆಕ್ಕ ನೀರು ಕುಡಿದಷ್ಟು ಸಲೀಸು. ಅವರನ್ನು ವಾರ್ಡಿಗೆ ಬಿಟ್ಟುಕೊಳ್ಳುವ ಆಸ್ಪತ್ರೆಗಳು ಬೇಕಷ್ಟೆ.

ಇದರಲ್ಲಿ ಎರಡು ಎಡವಟ್ಟು ಮತ್ತೆ ಮತ್ತೆ ಆಗುತ್ತವೆ. ‘ಇದು ಬರೀ ವಾರ್ಡಿನ ಲೆಕ್ಕ, ನೈತಿಕ ಸಮಿತಿಗೆ ಹೋಗಬೇಕಿಲ್ಲ’ ಎಂದು ತಾವೇ ತೀರ್ಮಾನಿಸಿಕೊಳ್ಳುವುದು ಮೊದಲನೆಯದು. ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿ ಪರಿಶೀಲನೆಯಿಂದ ವಿನಾಯಿತಿಗೆ ಅವಕಾಶವಿದೆ, ಆದರೆ ವಿನಾಯಿತಿ ಇದೆಯೋ ಇಲ್ಲವೋ ಹೇಳಬೇಕಾದವರು ಸಮಿತಿಯವರು. ಅಂಕಿ ಸಂಗ್ರಹಕ್ಕೆ ಮೊದಲೇ ಒಂದು ಪುಟದ ಅರ್ಜಿ ಕೊಟ್ಟು ಪತ್ರ ತೆಗೆದಿಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ಕೇಳಿದರೆ ಸಮಿತಿ ಕೊಡುವುದಿಲ್ಲ, ಕೊಡಲೂಬಾರದು. ಇನ್ನೊಂದು ಹೆಸರಿನ ಸಾಲು. ಅಂಕಿ ಸೇರಿಸಿದವರು ನರ್ಸ್, ಮೊದಲ ಹೆಸರು ವಿಭಾಗದ ಮುಖ್ಯಸ್ಥರದು ಎಂದಾದರೆ ಆ ನರ್ಸ್ ಸ್ಕಾಲರ್‌ಶಿಪ್‌ಗೆ ಅನರ್ಹರಾಗಬಹುದು. ಮಂಡಿಸುವ ಲೇಖಕರು ಯಾರೆಂದು ಕೆಲಸ ಶುರು ಮಾಡುವ ದಿನವೇ ಮಾತಾಡಿಕೊಳ್ಳಬೇಕು. ಹಿರಿಯರ ಮುಂದೆ ಈ ಮಾತು ತೆಗೆಯುವುದು ನಮ್ಮ ಆಸ್ಪತ್ರೆಗಳಲ್ಲಿ ಎಷ್ಟು ಮುಜುಗರದ್ದು ಎಂಬುದು ಒಳಗಿದ್ದವರಿಗೆ ಗೊತ್ತು. ಮುಖ್ಯಸ್ಥರೇ ಮುಂದಾಗಿ ಹೇಳಿಬಿಟ್ಟರೆ ಆ ಭಾರ ಇಳಿಯುತ್ತದೆ.

ಕ್ಯಾಲೆಂಡರನ್ನು ಹಿಂದಿನಿಂದ ಎಣಿಸಿ

ಅಕ್ಟೋಬರಿನಲ್ಲಿ ಯೂರೋಪಿನ ಷೆಂಗೆನ್ ವಲಯದ (ಒಂದೇ ವೀಸಾದಲ್ಲಿ ಓಡಾಡಬಹುದಾದ ದೇಶಗಳ ಗುಂಪು) ಒಂದು ನಗರದಲ್ಲಿ ಸಮ್ಮೇಳನ ಇದೆ ಎಂದುಕೊಳ್ಳಿ. ಅಬ್‌ಸ್ಟ್ರ್ಯಾಕ್ಟ್‌ಗೆ ಕೊನೆಯ ದಿನ ವಸಂತದಲ್ಲೇ ಮುಗಿದಿರುತ್ತದೆ, ಫಲಿತಾಂಶ ಮಳೆಗಾಲದಲ್ಲಿ ಬರುತ್ತದೆ. ಷೆಂಗೆನ್ ವೀಸಾಕ್ಕೆ ಪ್ರಯಾಣಕ್ಕೆ 6 ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು, ತೀರಾ ತಡವೆಂದರೆ 15 ದಿನ ಮೊದಲು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ ಹಿಡಿಯುತ್ತದೆ, ಅನುಮಾನ ಬಂದರೆ 45 ದಿನದವರೆಗೆ ಎಳೆಯಬಹುದು. ಅದಕ್ಕೂ ಮೊದಲು ವೀಸಾ ಕೇಂದ್ರದಲ್ಲಿ ದಿನ ಸಿಗಬೇಕು. ಜುಲೈನಲ್ಲಿ ಪತ್ರ ಬಂದವರು ಆಗಸ್ಟ್ ಮೊದಲ ವಾರದೊಳಗೆ ಅರ್ಜಿ ಹಾಕದಿದ್ದರೆ ಅಕ್ಟೋಬರ್ ಕೈತಪ್ಪುವ ಅಪಾಯವಿದೆ.

ಪಾಸ್‌ಪೋರ್ಟ್ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಆ ವಲಯದಿಂದ ಹೊರಡುವ ದಿನದ ನಂತರ ಕನಿಷ್ಠ 3 ತಿಂಗಳು ಚಾಲ್ತಿಯಲ್ಲಿರಬೇಕು, ಎರಡು ಪುಟ ಖಾಲಿ ಇರಬೇಕು. ಪ್ರಯಾಣ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದಾಗಿರಬೇಕು. ವೀಸಾ ಶುಲ್ಕ 2024ರ ಜೂನ್‌ನಿಂದ 90 ಯೂರೋ. ಕೇಂದ್ರದ ಸೇವಾ ಶುಲ್ಕ ಬೇರೆ. ಪಾಸ್‌ಪೋರ್ಟ್ ಇಲ್ಲದವರು ಅಬ್‌ಸ್ಟ್ರ್ಯಾಕ್ಟ್ ಕಳಿಸಿದ ವಾರವೇ ಅರ್ಜಿ ಹಾಕಬೇಕು. ಬಾಡಿಗೆ ಮನೆ ಬದಲಿಸಿದ ನರ್ಸ್‌ಗಳಿಗೆ ಪೊಲೀಸ್ ಪರಿಶೀಲನೆಯೇ ತಿಂಗಳು ತಿನ್ನಬಹುದು.

ವೀಸಾ ತಿರಸ್ಕಾರವಾಗುವುದು ಹೆಚ್ಚಾಗಿ ಕಾಗದಗಳು ಒಂದಕ್ಕೊಂದು ತಾಳೆಯಾಗದೆ. ಸಂಬಳದ ಚೀಟಿಯಲ್ಲಿ ಕಡಿಮೆ ಮೊತ್ತ, ಪ್ರಯಾಣದ ಅಂದಾಜು ಲಕ್ಷಗಳಲ್ಲಿ. ಹಣ ಎಲ್ಲಿಂದ ಎಂದು ಅಧಿಕಾರಿ ಕೇಳುವುದು ಸಹಜ. ‘ನಿಮಗೆ ಸ್ಕಾಲರ್‌ಶಿಪ್ ಬಂದಿದೆ, ಅಭಿನಂದನೆಗಳು’ ಎಂಬ ಪತ್ರ ಇಲ್ಲಿ ಉಪಯೋಗಕ್ಕೆ ಬಾರದು. ವಿಮಾನ ಟಿಕೆಟ್ ಯಾರದು, ಹೋಟೆಲ್ ಎಷ್ಟು ರಾತ್ರಿ, ಊಟದ ಭತ್ಯೆ ಎಷ್ಟು, ನೋಂದಣಿ ಮಾಫಿಯೇ ಎಂದು ಒಂದೊಂದಾಗಿ ಬರೆದು, ಪಾಸ್‌ಪೋರ್ಟ್‌ನಲ್ಲಿರುವ ಹೆಸರು ಹಾಗೇ ನಮೂದಿಸಿದ ಪತ್ರವನ್ನು ಸಂಘದಿಂದ ಕೇಳಿ ಪಡೆಯಬೇಕು. ತವರಿನ ಹೆಸರು ಒಂದು ಕಡೆ, ಗಂಡನ ಹೆಸರು ಇನ್ನೊಂದು ಕಡೆ, ಇನಿಷಿಯಲ್ ಮತ್ತೊಂದು ಕಡೆ ಇರುವುದು ನಮ್ಮ ಕಡೆಯ ದೊಡ್ಡ ತಲೆನೋವು. ಅಬ್‌ಸ್ಟ್ರ್ಯಾಕ್ಟ್ ಸಲ್ಲಿಸುವಾಗಲೇ ಪಾಸ್‌ಪೋರ್ಟ್ ಹೆಸರನ್ನು ಬಳಸಿದರೆ ಅರ್ಧ ತೊಂದರೆ ತಪ್ಪುತ್ತದೆ. ಆಸ್ಪತ್ರೆಯ ನಿರಾಕ್ಷೇಪಣಾ ಪತ್ರದಲ್ಲಿ (ಎನ್‌ಒಸಿ) ರಜೆಯ ದಿನಾಂಕದ ಜೊತೆ ‘ಇಂಥ ದಿನ ಕೆಲಸಕ್ಕೆ ಮರಳುತ್ತಾರೆ’ ಎಂಬ ಸಾಲು ಇರಲೇಬೇಕು. ಯುವ ನರ್ಸ್‌ಗಳು ಹೊರಟರೆ ವಾಪಸ್ ಬರುವುದಿಲ್ಲ ಎಂಬ ಗುಮಾನಿ ವೀಸಾ ಕಿಟಕಿಯಲ್ಲೂ ಇದೆ, ಆಸ್ಪತ್ರೆಯ ಆಡಳಿತ ಕಚೇರಿಯಲ್ಲೂ ಇದೆ.

ಸರ್ಕಾರಿ ನೌಕರರಿಗೆ ಇನ್ನೊಂದು ಹೆಜ್ಜೆ ಇದೆ, ಎಷ್ಟೋ ಜನರಿಗೆ ಕೊನೆಯ ವಾರದವರೆಗೂ ಗೊತ್ತಿರುವುದಿಲ್ಲ. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ, 2010ರ 6ನೇ ಕಲಂ ಪ್ರಕಾರ ಸರ್ಕಾರಿ ನೌಕರರು, ಸರ್ಕಾರದ ಒಡೆತನ ಅಥವಾ ಹಿಡಿತದಲ್ಲಿರುವ ಸಂಸ್ಥೆಗಳ ನೌಕರರು ವಿದೇಶಿ ಮೂಲದಿಂದ ‘ಆತಿಥ್ಯ’ ಪಡೆಯಲು ಕೇಂದ್ರ ಗೃಹ ಸಚಿವಾಲಯದ ಪೂರ್ವಾನುಮತಿ ಬೇಕು. ಪ್ರಯಾಣದ ಖರ್ಚು, ಉಚಿತ ವಸತಿ, ಊಟ ಎಲ್ಲವೂ ಆತಿಥ್ಯವೇ. ಬೆಂಗಳೂರಿನ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿಯ ನರ್ಸ್ ಆಗಲಿ, ಜಿಲ್ಲಾಸ್ಪತ್ರೆಯ ಕೀಮೋ ಘಟಕದ ಫಾರ್ಮಸಿಸ್ಟ್ ಆಗಲಿ, ವಿದೇಶಿ ಸಂಘ ಟಿಕೆಟ್ ಮತ್ತು ಹೋಟೆಲ್ ಕೊಡುತ್ತಿದ್ದರೆ ಎಫ್‌ಸಿ-2 ನಮೂನೆಯನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಪ್ರಯಾಣಕ್ಕೆ ಎರಡು ವಾರ ಮೊದಲು ಅರ್ಜಿ ತಲುಪಿರಬೇಕು ಎನ್ನುತ್ತದೆ ನಿಯಮ. ಆದರೆ ಅದಕ್ಕೆ ಇಲಾಖೆಯ ಒಪ್ಪಿಗೆ ಪತ್ರವೂ ಬೇಕಾದ್ದರಿಂದ ಎರಡು ತಿಂಗಳು ಇಟ್ಟುಕೊಳ್ಳುವುದು ಕ್ಷೇಮ. ಕಡತ ವಾರ್ಡಿನಿಂದ ನರ್ಸಿಂಗ್ ಅಧೀಕ್ಷಕರಿಗೆ, ಅಲ್ಲಿಂದ ನಿರ್ದೇಶಕರಿಗೆ, ಅಲ್ಲಿಂದ ಇಲಾಖೆಗೆ ಹೋಗುವಷ್ಟರಲ್ಲಿ ಮಳೆಗಾಲ ಮುಗಿದಿರುತ್ತದೆ. ಖಾಸಗಿ ಆಸ್ಪತ್ರೆಯವರಿಗೆ ಈ ಕಲಂ ಅನ್ವಯಿಸುವುದಿಲ್ಲ.

ಮೊದಲು ನೀವು ಖರ್ಚು ಮಾಡಿ, ಆಮೇಲೆ ನಾವು ಕೊಡುತ್ತೇವೆ

ಸ್ಕಾಲರ್‌ಶಿಪ್‌ಗಳಲ್ಲಿ ನನಗೆ ಅತ್ಯಂತ ಅನ್ಯಾಯ ಎನಿಸುವ ಷರತ್ತು ಇದು. ಎಷ್ಟೋ ಸಂಘಗಳು ಹಣ ಕೊಡುವುದು ಸಮ್ಮೇಳನ ಮುಗಿದ ಮೇಲೆ, ರಸೀದಿ ನೋಡಿ. ಗುತ್ತಿಗೆಯಲ್ಲಿ ದುಡಿಯುವ ನರ್ಸ್ ವಿಮಾನ ಟಿಕೆಟ್, ನಾಲ್ಕು ರಾತ್ರಿಯ ಹೋಟೆಲ್, ವೀಸಾ, ವಿಮೆ ಎಲ್ಲಕ್ಕೂ ಮೊದಲು ತಾನೇ ಹಣ ಸುರಿದು ಎರಡು ಮೂರು ತಿಂಗಳು ಕಾಯಬೇಕು. ಚಿನ್ನ ಅಡವಿಟ್ಟೋ ಕ್ರೆಡಿಟ್ ಕಾರ್ಡ್‌ನ ಬಡ್ಡಿ ಕಟ್ಟಿಯೋ ಹೊರಡಬಲ್ಲವರಿಗೆ ಮಾತ್ರ ಸ್ಕಾಲರ್‌ಶಿಪ್ ಎಂದಾದರೆ, ಅದು ಯಾರಿಗಾಗಿ ಇದೆಯೋ ಅವರನ್ನೇ ಹೊರಗಿಟ್ಟಂತಾಯಿತು. ಟಿಕೆಟ್ ಮತ್ತು ಹೋಟೆಲನ್ನು ಸಂಘವೇ ನೇರ ಕಾದಿರಿಸಿ, ಊಟ ಮತ್ತು ಓಡಾಟದ ಹಣವನ್ನು ಹೊರಡುವ ಮೊದಲೇ ಖಾತೆಗೆ ಹಾಕುವುದು ಸರಿಯಾದ ಕ್ರಮ. ಅದಾಗದ ಕಡೆ ಆಸ್ಪತ್ರೆ ಮುಂಗಡ ಕೊಟ್ಟು, ಸಂಘದ ಹಣ ಬಂದಾಗ ಹಿಂಪಡೆಯಬಹುದು. ಆಸ್ಪತ್ರೆಗೆ ಇದರಲ್ಲಿ ನಷ್ಟವಿಲ್ಲ.

ಖರ್ಚು ಹಿಂಪಡೆಯುವವರು ಬೋರ್ಡಿಂಗ್ ಪಾಸ್ ಎಸೆಯಬಾರದು, ಹೋಗುವುದು ಬರುವುದು ಎರಡರದ್ದೂ ಬೇಕು. ಹೋಟೆಲ್ ಬಿಲ್ ತಮ್ಮ ಹೆಸರಿನಲ್ಲೇ ಇರಬೇಕು. ಇಬ್ಬರು ಒಂದು ಕೋಣೆ ಹಂಚಿಕೊಂಡರೆ ಎರಡು ಪ್ರತ್ಯೇಕ ಬಿಲ್ ಕೇಳಬೇಕು. ವಿದೇಶಿ ಅರ್ಜಿ ನಮೂನೆಗಳು ಐಬಿಎಎನ್ ಎಂಬ ಅಂತರರಾಷ್ಟ್ರೀಯ ಬ್ಯಾಂಕ್ ಖಾತೆ ಸಂಖ್ಯೆ ಕೇಳುತ್ತವೆ. ಭಾರತದ ಖಾತೆಗಳಿಗೆ ಅದು ಇಲ್ಲ. ಖಾತೆ ಸಂಖ್ಯೆ, ಐಎಫ್‌ಎಸ್‌ಸಿ, ಬ್ಯಾಂಕಿನ ಸ್ವಿಫ್ಟ್ ಸಂಕೇತ ಕೊಟ್ಟು ಹಾಗೆಂದು ವಿವರಿಸಬೇಕು. ಸಣ್ಣ ಶಾಖೆಗಳಿಗೆ ಸ್ವಿಫ್ಟ್ ಸಂಕೇತ ಇರುವುದಿಲ್ಲ. ನಿಮ್ಮ ಶಾಖೆಯ ವಿದೇಶಿ ವ್ಯವಹಾರ ನಡೆಯುವ ಮುಖ್ಯ ಶಾಖೆಯದನ್ನು ಕೇಳಿ ಬರೆದುಕೊಳ್ಳಬೇಕು. ಎಷ್ಟೋ ಜನರ ಹಣ ತಿಂಗಳುಗಟ್ಟಲೆ ತಿರುಗಾಡುವುದು ಈ ಒಂದು ಖಾನೆಯಿಂದ.

ಇನ್ನು ಸುಳ್ಳು ಸಮ್ಮೇಳನಗಳು. ‘ನಿಮ್ಮ ಅಮೂಲ್ಯ ಕೊಡುಗೆ ಗಮನಿಸಿ ಆಹ್ವಾನಿಸುತ್ತಿದ್ದೇವೆ’ ಎಂದು ಬರುವ ಇಮೇಲ್‌ಗೆ ಅಬ್‌ಸ್ಟ್ರ್ಯಾಕ್ಟ್ ಕಳಿಸಿದರೆ ಎರಡೇ ದಿನದಲ್ಲಿ ಸ್ವೀಕೃತವಾಗುತ್ತದೆ, ಮೂರನೇ ದಿನ ಹಣ ಕಟ್ಟಲು ಕೊಂಡಿ ಬರುತ್ತದೆ. ಒಂದೇ ಹೋಟೆಲಿನಲ್ಲಿ ಒಂದೇ ದಿನ ಕ್ಯಾನ್ಸರ್, ದಂತ, ಪಶುವೈದ್ಯ ಸಮ್ಮೇಳನಗಳನ್ನು ಒಬ್ಬರೇ ನಡೆಸುತ್ತಿದ್ದರೆ ಹತ್ತಿರ ಸುಳಿಯಬೇಡಿ. ನಿಜವಾದ ಸಮ್ಮೇಳನದ ಹಿಂದೆ ಸದಸ್ಯರಿರುವ ಸಂಘ, ಹೆಸರು ಹಾಕಿದ ಪರಿಶೀಲನಾ ಸಮಿತಿ, ಹಿಂದಿನ ವರ್ಷಗಳ ಪ್ರಕಟಿತ ಸಾರಾಂಶಗಳು ಇರುತ್ತವೆ.

ವಾಪಸ್ ಬಂದ ಮೇಲೆ

ಸಮ್ಮೇಳನ ಮೂರು ನಾಲ್ಕು ದಿನದ್ದು. ದೊಡ್ಡ ಸಭಾಂಗಣದ ಭಾಷಣಗಳನ್ನು ಮನೆಯಿಂದಲೂ ಕೇಳಬಹುದು, 2020ರ ನಂತರ ಆ ಸೌಲಭ್ಯ ಹೆಚ್ಚಿದೆ. ಆದರೆ ವಾರ್ಡಿನಲ್ಲಿ ಡ್ಯೂಟಿ ಮಾಡುತ್ತ ಮೊಬೈಲ್‌ನಲ್ಲಿ ಭಾಷಣ ಕೇಳುವುದು ಕಲಿಕೆಯಲ್ಲ; ಆನ್‌ಲೈನ್ ಆದರೂ ರಜೆ ಕೊಡಬೇಕು. ಹೋಗಿಯೇ ಪಡೆಯಬೇಕಾದ್ದು ಬೇರೆ ಇದೆ. ಆ ನಗರದ ಕ್ಯಾನ್ಸರ್ ಆಸ್ಪತ್ರೆಯೊಂದಕ್ಕೆ ತಿಂಗಳು ಮೊದಲೇ ಪತ್ರ ಬರೆದು, ಸಮ್ಮೇಳನದ ಮರುದಿನ ಅವರ ಕೀಮೋ ಬೆರೆಸುವ ಕೋಣೆ ನೋಡಲು ಅನುಮತಿ ಕೇಳಬೇಕು. ಗಾಳಿ ಸೋಸುವ ಎರಡನೇ ದರ್ಜೆಯ ಕ್ಯಾಬಿನೆಟ್ ಎಲ್ಲಿದೆ, ಚೀಲ ಯಾವ ಕಿಟಕಿಯಿಂದ ಹೊರಬರುತ್ತದೆ, ಎರಡು ಪದರದ ಕೈಗವಸನ್ನು 30 ನಿಮಿಷಕ್ಕೊಮ್ಮೆ ಬದಲಿಸುವುದನ್ನು ಯಾರು ನೆನಪಿಸುತ್ತಾರೆ, ಲೇಬಲ್ ಮೇಲೆ ಏನೇನು ಬರೆದಿದೆ. ಇಂಥ ಅರ್ಧ ದಿನದ ಭೇಟಿ ಹತ್ತು ಭಾಷಣಗಳಿಗಿಂತ ಹೆಚ್ಚು ಕಲಿಸುತ್ತದೆ. ಇನ್ನೂ ಆಳವಾಗಿ ಕಲಿಯಬೇಕೆನ್ನುವವರಿಗೆ ಅಂತರರಾಷ್ಟ್ರೀಯ ಕ್ಯಾನ್ಸರ್ ನಿಯಂತ್ರಣ ಒಕ್ಕೂಟದ ತಾಂತ್ರಿಕ ಫೆಲೋಶಿಪ್‌ನಂಥ ಯೋಜನೆಗಳು ಬೇರೊಂದು ಕೇಂದ್ರದಲ್ಲಿ ಕೆಲವು ವಾರ ಇರಲು ನೆರವಾಗುತ್ತವೆ.

ಕಲಿತು ಬಂದವರನ್ನು ಮೂರು ತಿಂಗಳಲ್ಲಿ ಮೂಳೆ ವಾರ್ಡಿಗೆ ವರ್ಗ ಮಾಡಿದರೆ ಎಲ್ಲವೂ ಮುಗಿಯಿತು. ಸ್ಕಾಲರ್‌ಶಿಪ್ ಹಣದ ಅತಿ ದೊಡ್ಡ ಸೋರಿಕೆ ಇದೇ. ಮಕ್ಕಳ ಕ್ಯಾನ್ಸರ್ ನರ್ಸಿಂಗ್‌ಗೆ ಸಿಯೋಪ್ 2014ರಲ್ಲಿ ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಿಗೆಂದೇ ಕನಿಷ್ಠ ಮಾನದಂಡಗಳನ್ನು ಪ್ರಕಟಿಸಿತು. ವಾರ್ಡಿನಲ್ಲಿ 5 ಮಕ್ಕಳಿಗೆ ಒಬ್ಬ ನರ್ಸ್, ತೀವ್ರ ನಿಗಾ ಮತ್ತು ಅಸ್ಥಿಮಜ್ಜೆ ಕಸಿ ಘಟಕದಲ್ಲಿ 2 ಮಕ್ಕಳಿಗೆ ಒಬ್ಬರು, ಜೊತೆಗೆ ಕಲಿಕೆ ನಿರಂತರ ನಡೆಯಬೇಕು ಎಂಬುದು ಅದರಲ್ಲಿದೆ. ಅನುಭವಿಗಳನ್ನು ಒಂದೇ ವಿಭಾಗದಲ್ಲಿ ಉಳಿಸಿಕೊಳ್ಳದೆ ಇದರಲ್ಲಿ ಯಾವುದೂ ನಡೆಯದು. ಆದ್ದರಿಂದ ಸ್ಕಾಲರ್‌ಶಿಪ್ ಕೊಡುವ ಸಂಘಗಳು ಶಿಫಾರಸು ಪತ್ರದ ಬದಲು ಆಸ್ಪತ್ರೆಯ ಮುಖ್ಯಸ್ಥರಿಂದ ಒಂದು ಬರಹದ ಮಾತು ಕೇಳಬೇಕು: ಇವರನ್ನು ಎರಡು ವರ್ಷ ಕ್ಯಾನ್ಸರ್ ವಿಭಾಗದಿಂದ ಕದಲಿಸುವುದಿಲ್ಲ, ಇವರು ತರುವ ಒಂದು ಬದಲಾವಣೆಗೆ ಬೇಕಾದ ಸಾಮಗ್ರಿ ಖರೀದಿಸುತ್ತೇವೆ.

ಆ ಒಂದು ಬದಲಾವಣೆಯನ್ನು ಆರಿಸುವಾಗ ದುಬಾರಿಯ ಹಿಂದೆ ಹೋಗಬಾರದು. ಔಷಧಿಯ ಆವಿ ಹೊರಬಾರದ ಮುಚ್ಚಿದ ವರ್ಗಾವಣೆ ಸಾಧನಗಳನ್ನು ಪ್ರದರ್ಶನ ಮಳಿಗೆಯಲ್ಲಿ ಕಂಡು ಬೆರಗಾಗಿ ಬಂದವರು ಖರೀದಿ ಸಮಿತಿಯ ಮುಂದೆ ಸೋಲುತ್ತಾರೆ, ಯಾಕೆಂದರೆ ಔಷಧಿಯ ಪ್ರತಿ ಸೀಸೆಗೂ (ವಯಲ್) ಹೊಸದು ಬೇಕು. ವಿನ್‌ಕ್ರಿಸ್ಟಿನ್ ಚೀಲಕ್ಕೆ ಬೇಕಿರುವುದು 50 ಮಿ.ಲೀ. ಸಲೈನ್, ‘ರಕ್ತನಾಳಕ್ಕೆ ಮಾತ್ರ, ಬೇರೆ ದಾರಿಯಲ್ಲಿ ಕೊಟ್ಟರೆ ಸಾವು’ ಎಂದು ಕನ್ನಡದಲ್ಲೂ ಅಚ್ಚಾದ ಕೆಂಪು ಲೇಬಲ್, ಬೆನ್ನಿನ ಚುಚ್ಚುಮದ್ದಿನ ಟ್ರೇಯನ್ನು ಬೇರೆ ಕೋಣೆಗೆ, ಬೇರೆ ಹೊತ್ತಿಗೆ ತರುವ ನಿಯಮ. ಸೋರಿಕೆ ಕಿಟ್‌ಗೂ ಹೆಚ್ಚು ಬೇಡ: ಡಾಕ್ಸೊರುಬಿಸಿನ್‌ಗೆ ತಣ್ಣನೆಯ ಪೊಟ್ಟಣ, ವಿನ್‌ಕ್ರಿಸ್ಟಿನ್‌ಗೆ ಬಿಸಿ ಪೊಟ್ಟಣ, ಯಾವುದಕ್ಕೆ ಯಾವುದು ಎಂಬ ಚಾರ್ಟ್, ಗುರುತು ಹಾಕಲು ಪೆನ್ನು, ರಾತ್ರಿ ಪಾಳಿಯಲ್ಲಿ ಕರೆಯಬೇಕಾದ ವೈದ್ಯರ ನಂಬರ್. ಡಾಕ್ಸೊರುಬಿಸಿನ್ ಸೋರಿಕೆಗೆ ಪ್ರತಿಮದ್ದಾದ ಡೆಕ್ಸ್‌ರಜಾಕ್ಸೇನ್ ಇರುವ ಕಡೆ ಅದನ್ನು ಸೋರಿದ 6 ಗಂಟೆಯೊಳಗೆ ಶುರು ಮಾಡಬೇಕಾದ್ದರಿಂದ, ಅದರ ಬೀರುವಿನ ಬೀಗದ ಕೈ ರಾತ್ರಿ ಯಾರ ಬಳಿ ಇರುತ್ತದೆ ಎಂಬುದನ್ನೂ ಆ ಚಾರ್ಟಿನಲ್ಲೇ ಬರೆದಿರಬೇಕು.